ಎಂಟು ಮಗ್ಗಕ್ಕೆ ಒಂದು ಪುಸ್ತಕ

ಈ ಪ್ರಯಾಣದಲ್ಲಿ ನಿಜವಾಗಿ ಏನೇನಾಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಹೋಗಿದ್ದಂತೂ ನಿಜ. ಯುರೋಪಿನ ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ, ಜೋಳದ ತೆನೆ ಹಾಲುಗಟ್ಟುವ ದಿನಗಳಲ್ಲಿ ಹೋಗಿದ್ದೆ. ಆದರೆ ಇಳಕಲ್ಲಿನ ಆ ಹೆಣ್ಣುಮಗಳು ಆಡಿದ ಮಾತು ಅವಳದೇ ಆಗಿತ್ತೋ, ನಾನು ಆಮೇಲೆ ಅವಳ ಬಾಯಲ್ಲಿ ಇಟ್ಟದ್ದೋ, ಸಂಶಯವಿದೆ. ಗೆಳೆಯರ ಮುಂದೆ ಈ ಕಥೆಯನ್ನು ಬಹಳ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆಯೊಳಗಿನ ನಾನು ಸ್ವಲ್ಪ ಸ್ವಲ್ಪವೇ ಒಳ್ಳೆಯವನಾಗುತ್ತ ಬಂದಿದ್ದೇನೆ. ಹಾಗಾಗಿ ಈಗ ಎಚ್ಚರದಿಂದ ಬರೆಯುತ್ತೇನೆ.

ಪುಣೆಯಲ್ಲಿ ಬಿ.ಎ. ಮುಗಿಸಿ, ಎರಡು ನೌಕರಿ ಬಿಟ್ಟು, ಮನೆಯವರಿಂದ ಬೈಸಿಕೊಂಡು ನಾನು ಬಡೋದೆಗೆ ಹೋಗಿದ್ದೆ. ಅಲ್ಲಿ ಅಮೇರಿಕೆಯಿಂದ ಬಂದ ಸಾಹೇಬನೊಬ್ಬ ಪುಸ್ತಕಾಲಯ ನಡೆಸುವುದನ್ನು ಒಂದು ವಿದ್ಯೆಯೆಂದು ಕಲಿಸುತ್ತಿದ್ದ. ಪುಸ್ತಕಗಳಿಗೆ ವಿಷಯ ನೋಡಿ ಅಂಕಿ ಹಾಕುವುದು, ಒಂದೊಂದಕ್ಕೂ ಚೀಟಿ ಬರೆಯುವುದು, ಆ ಚೀಟಿಯನ್ನು ಎಲ್ಲರೂ ಒಂದೇ ತರಹದ ಅಕ್ಷರದಲ್ಲಿ ಬರೆಯುವುದು. ಅಕ್ಷರ ತಿದ್ದಲಿಕ್ಕೇ ದಿನಕ್ಕೊಂದು ತಾಸು ಇತ್ತು. ಊರೂರಿಗೆ ಪುಸ್ತಕದ ಪೆಟ್ಟಿಗೆ ಕಳಿಸುವ ಪದ್ಧತಿಯನ್ನೂ ಅಲ್ಲಿಯೇ ಕಂಡೆ. ಬಾಗಲಕೋಟೆಗೆ ಮರಳಿದ ಮೇಲೆ ನಾಲ್ಕು ಜನ ವರ್ತಕರನ್ನು ಕೂಡಿಸಿ ಒಂದು ಮಂಡಳಿ ಮಾಡಿ, ಐವತ್ತು ಪುಸ್ತಕ ಹಿಡಿಯುವ ಮೂರು ಪೆಟ್ಟಿಗೆಗಳನ್ನು ಬಾದಾಮಿ, ಹುನಗುಂದ, ಇಳಕಲ್ಲುಗಳಿಗೆ ಕಳಿಸಿದೆ. ನಿಯಮ ಬರೆದವನೂ ನಾನೇ: ಒಂದು ಪುಸ್ತಕ ಒಬ್ಬರ ಹೆಸರಿಗೆ, ಹದಿನಾಲ್ಕು ದಿನ, ಪುಸ್ತಕಕ್ಕೆ ಹಾನಿಯಾದರೆ ಪೆಟ್ಟಿಗೆ ಆ ಊರು ಬಿಟ್ಟು ಬೇರೆ ಊರಿಗೆ. ಆರು ತಿಂಗಳ ಮೇಲೆ ಅವನ್ನು ನೋಡಿ ಬರಲು ಹೊರಟೆ.

ಬಾಗಲಕೋಟೆಯಿಂದ ಬಾದಾಮಿಗೆ ಬೆಳಗಿನ ಗಾಡಿ. ಹದಿನೇಳು ಮೈಲಿ ಇರಬೇಕು. ಮೂರನೆಯ ದರ್ಜೆಯ ದರ ನಾಲ್ಕಾಣೆಯೋ ಐದಾಣೆಯೋ, ನೆನಪಿಲ್ಲ. ನಿಲ್ದಾಣದಿಂದ ಊರಿಗೆ ಮತ್ತೆ ಮೂರು ಮೈಲಿ ಟಾಂಗಾ. ಕೆಂಪು ಗುಡ್ಡ, ಕೆಳಗೆ ಹಸಿರು ಹೊಂಡ, ತುಂಬ ಮಂಗಗಳು. ಪೆಟ್ಟಿಗೆ ಕನ್ನಡ ಶಾಲೆಯಲ್ಲಿತ್ತು, ಬೀಗ ಹಾಕಿ. ಮಾಸ್ತರರು ಕೈಮುಗಿದು ಹೇಳಿದರು, "ಮಂಗ್ಯಾ ಒಂದು ಪುಸ್ತಕ ಎತಿಗೊಂಡು ಗುಡ್ಡ ಹತ್ತಿತ್ರಿ. ಒಬ್ಬರ ಹೆಸರಿಗೇ ಬರೀಬೇಕಂತ ನಿಮ್ಮ ರೂಲ್ ಐತಿ. ಯಾರ ಹೆಸರು ಬರೀಲಿ?" ಪುಸ್ತಕ ಮರುದಿನ ಹೊಂಡದ ದಂಡೆಯಲ್ಲಿ ಸಿಕ್ಕಿತ್ತಂತೆ, ರಟ್ಟಿನ ಮೇಲೆ ನಾಲ್ಕು ಹಲ್ಲಿನ ಗುರುತು. ನಾನು ನಗಲಿಲ್ಲ. ಮಂಗ ಮಾಡಿದ್ದನ್ನು ಊರಿನವರ ಹಾನಿಯೆಂದು ಹಿಡಿಯದೆ, ಕಿಟಕಿಗೆ ಜಾಳಿಗೆ ಹಾಕಿಸಿರೆಂದು ಬರೆದುಕೊಟ್ಟು ಮುಂದೆ ನಡೆದೆ.

ಬಾದಾಮಿಯಿಂದ ಗುಳೇದಗುಡ್ಡದ ಮೇಲೆ ಹಾಯ್ದು ಹುನಗುಂದಕ್ಕೆ ಚಕ್ಕಡಿಯಲ್ಲಿ ಎರಡು ದಿನ. ಚಕ್ಕಡಿ ಹೊಡೆಯುವವನು ಭರಮಪ್ಪ, ನನ್ನ ವಯಸ್ಸಿನವನೇ. ದಾರಿಯಲ್ಲಿ ಯಾರದೋ ಹೊಲದವರನ್ನು ಕೇಳಿ ಹಸಿ ತೆನೆ ತಂದು, ಕೆಂಡದಲ್ಲಿ ಸುಟ್ಟು, ಉಜ್ಜಿ ಸೀತನಿ ಮಾಡಿ ಕೊಟ್ಟ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಜೊತೆ ಅದನ್ನು ಮುಕ್ಕುತ್ತ ಕಮತಗಿಯ ಹತ್ತಿರ ಮಲಪ್ರಭೆ ದಾಟಿದೆವು. ನೀರು ಎತ್ತಿನ ಮೊಣಕಾಲಿಗೂ ಬರಲಿಲ್ಲ. ಗಾಳಿ ತಣ್ಣಗಿತ್ತು.

ಹುನಗುಂದದಲ್ಲಿ ಪೆಟ್ಟಿಗೆ ವಕೀಲ ಶಾಂತಗೌಡರ ವಶದಲ್ಲಿತ್ತು. ಗಾಜಿನ ಕಪಾಟು, ಅಂಕಿಯ ಪ್ರಕಾರ ಸಾಲಾಗಿ ಪುಸ್ತಕ. ಬಡೋದೆಯ ಸಾಹೇಬ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಎಣ್ಣೆಗಾಯಿ, ಖಡಕ್ ರೊಟ್ಟಿ ಬಡಿಸಿ ಗೌಡರು ಕಾಲೆಳೆದರು.

"ಪುಸ್ತಕ ಒಟ್ಟೂದಕ್ಕೂ ಒಂದು ಸಾಲಿ ಐತೇನ್ರಿ ರಾಯರ?"

ನಾನು ಉತ್ಸಾಹದಿಂದ ಹೇಳಿದೆ. ಹಿಂದೆ ಇದನ್ನು ಹಿರಿಯ ಗ್ರಂಥಪಾಲಕನ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿಯುತ್ತಿದ್ದರು. ಈಗ ಅಮೇರಿಕೆಯಲ್ಲಿ ಇದಕ್ಕೆ ಶಾಲೆ ತೆರೆದು ಇಪ್ಪತ್ತೈದು ವರ್ಷವಾಗಿದೆ, ಹೆಂಗಸರೂ ಕಲಿಯುತ್ತಾರೆ. ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸುವ ಪಂಡಿತರಿದ್ದಾರೆ. ವಿಲಾಯತಿಯಲ್ಲಿ ಪರೀಕ್ಷೆ ಇದೆ. ನಮ್ಮ ದೇಶದಲ್ಲಿ ಈಗ ಶುರು.

"ಬಣವಿ ಒಟ್ಟೂದಕ್ಕ ಯಾವಾಗ ಸಾಲಿ ತೆಗೀತಾರ ಕೇಳ್ರಿ, ನಮ್ಮ ಆಳುಗಳನ್ನ ಕಳಸ್ತೇನಿ," ಎಂದು ನಕ್ಕು ಗೌಡರು ದನಿ ತಗ್ಗಿಸಿದರು. "ಇಳಕಲ್ ಪೆಟಗಿನೂ ಇಲ್ಲೇ ತರ್ರಿ. ಅಲ್ಲಿ ನೇಕಾರ ಮಂದಿ ನಿಮ್ಮ ಪುಸ್ತಕದ ಹೊಲಗಿನೇ ಬಿಚ್ಚ್ಯಾರಂತ. ನಿಮ್ಮ ರೂಲ್ ಪ್ರಕಾರ ಅದು ನಮಗ ಬರಬೇಕು."

ಏಳುವಾಗ ಕಪಾಟಿನಿಂದ ಒಂದು ಪುಸ್ತಕ ತೆಗೆದೆ. ಅಚ್ಚುಕೂಟದಿಂದ ಬಂದಾಗ ಹಾಳೆಗಳ ಅಂಚು ಮಡಚಿಕೊಂಡೇ ಇರುತ್ತದೆ, ಓದುವವನು ಚಾಕುವಿನಿಂದ ಸೀಳಿಕೊಳ್ಳಬೇಕು. ಅದರ ಒಂದು ಅಂಚನ್ನೂ ಯಾರೂ ಸೀಳಿರಲಿಲ್ಲ. ಇನ್ನೊಂದು ತೆಗೆದೆ. ಅದೂ ಹಾಗೆಯೇ.

ಇಳಕಲ್ ಎಂಟು ಮೈಲಿ. ಹೊತ್ತೇರುವ ಮೊದಲೇ ಮುಟ್ಟಿದೆವು. ಅಲ್ಲಿ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವನು ಹುಸೇನಸಾಬ, ರೇಷ್ಮೆಗೆ ಬಣ್ಣ ಹಾಕುವವನು, ಮೊಣಕೈವರೆಗೂ ಕೆಂಪು. ಪೆಟ್ಟಿಗೆ ಸ್ವಚ್ಛವಾಗಿತ್ತು, ಆದರೆ ಒಂದು ಪುಸ್ತಕ ಇರಲಿಲ್ಲ. ಕೋಟೆ ಕಾಯುವ ರಾಣಿಯೊಬ್ಬಳ ಕಾದಂಬರಿ ಅದು. ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. "ಬರ್ರಿ, ತೋರಸ್ತೇನಿ," ಎಂದು ನೇಕಾರರ ಓಣಿಗೆ ಕರೆದುಕೊಂಡು ಹೋದ.

ಓಣಿಯಲ್ಲಿ ಎಂಟು ಮನೆ, ಎಂಟು ಕುಣಿಮಗ್ಗ, ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಲಾಳಿಯ ಸದ್ದಿನ ನಡುವೆ ಮೊದಲ ಮನೆಯಲ್ಲಿ ಮುದುಕನೊಬ್ಬ ಗಟ್ಟಿಯಾಗಿ ಓದುತ್ತಿದ್ದ. ಕೈಯಲ್ಲಿ ಹದಿನಾರು ಪುಟದ ಒಂದು ಮಡಿಕೆ ಮಾತ್ರ. ಎರಡನೆಯ ಮನೆಯಲ್ಲಿ ಸೊಸೆಯೊಬ್ಬಳು ಇನ್ನೊಂದು ಮಡಿಕೆ ಓದುತ್ತಿದ್ದಳು. ಪುಸ್ತಕದ ಹೊಲಿಗೆ ಬಿಚ್ಚಿ, ಎಂಟು ಮಡಿಕೆ ಮಾಡಿ, ಎಂಟು ಮನೆಗೆ ಹಂಚಿದ್ದರು. ಎರಡು ದಿನಕ್ಕೊಮ್ಮೆ ಮಡಿಕೆ ಪಕ್ಕದ ಮನೆಗೆ ಹೋಗಬೇಕು. ಹಾಗಾಗಿ ಒಂದೊಂದು ಮನೆಗೆ ಕಥೆ ಒಂದೊಂದು ಕಡೆಯಿಂದ ಶುರು.

ನನಗೆ ಸಿಟ್ಟು ಬಂದಿತ್ತು ಎಂದು ನೆನಪು. "ಇದು ಪುಸ್ತಕ, ಸೀರೆಯಲ್ಲ!" ಎಂದೆ.

"ಮಗ್ಗದಾಗ ಕುಂತವ್ರಿಗೆ ಎರಡೂ ಕೈ, ಎರಡೂ ಕಾಲು ದುಡೀತಾವ್ರಿ," ಎಂದ ಹುಸೇನಸಾಬ. "ಕಿವಿ ಅಷ್ಟ ಖಾಲಿ. ಒಂದ ಮನಿಗೆ ಹದಿನಾಕ ದಿನ ಕೊಟ್ರ ಕಡೀ ಮನಿ ಓದಿ ಮುಗಸೂದ್ರಾಗ ನಾಕ ತಿಂಗಳು. ಯಾರೂ ಕಾಯಾಕ ತಯಾರಿಲ್ಲ."

ಪಕ್ಕದ ಮನೆಯ ಮಗ್ಗದಿಂದ ಗೌರಮ್ಮ ಎದ್ದು ಬಂದಳು. ಐವತ್ತರ ವಿಧವೆ, ಗಂಡ ತೀರಿದ ಮೇಲೆ ತಾನೇ ಮಗ್ಗಕ್ಕೆ ಇಳಿದವಳು. "ಓಣಿಯಾಗ ಜಗಳ ಹತ್ತ್ಯಾವ್ರಿ ರಾಯರ. ಆ ಮನ್ಯಾಗ ರಾಣಿ ಆಗ್ಲೇ ಮುದುಕಿ ಆಗ್ಯಾಳ, ಈ ಮನ್ಯಾಗ ಇನ್ನೂ ಲಗ್ನನ ಆಗಿಲ್ಲ. ಬಾವ್ಯಾಗ ನೀರ ಸೇದೂವಾಗ ಒಬ್ಬಾಕಿ ಬಾಯಿ ಬಿಟ್ರ ಏಳು ಮಂದಿ ಕಿವಿ ಮುಚಿಗೋತಾರ."

ಭರಮಪ್ಪ ಗಹಗಹಿಸಿ ನಕ್ಕ. ನಾನು ತಡೆಯುವಷ್ಟರಲ್ಲಿ, ದಾರಿಯಲ್ಲಿ ನನ್ನಿಂದ ಕೇಳಿದ್ದ ಹುನಗುಂದದ ಗೌಡರ ಮಾತನ್ನೂ ಹೇಳಿಬಿಟ್ಟ: ಪೆಟ್ಟಿಗೆ ಅಲ್ಲಿಗೆ ಹೋಗುತ್ತದೆ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಜನ ಹೊಸ್ತಿಲಿಗೆ ಬಂದರು. ಯಾರೂ ಬೇಡಿಕೊಳ್ಳಲಿಲ್ಲ.

"ಬಿಚ್ಚಿದ್ದನ್ನ ಕೂಡಸೂದು ನಮಗ ಯಾರರ ಕಲಿಸಬೇಕೇನ್ರಿ?" ಎಂದ ಹುಸೇನಸಾಬ. ಆ ಊರಲ್ಲಿ ಸೀರೆಯ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಜೋಡಿಸಿದ ಜಾಗ ಬೆರಳಿಗೂ ಹತ್ತುವುದಿಲ್ಲ. "ಈಗಿಂದೀಗ ಹೊಲದು ಕೊಡ್ತೇನಿ."

"ಹುಸೇನಣ್ಣ, ತಡಿ," ಎಂದಳು ಗೌರಮ್ಮ. "ನಮ್ಮ ಮನಿಗೆ ಕಡೀ ಮಡಿಕಿ ನಾಳೆ ಬರೂದೈತಿ. ಇವತ್ತ ಹೊಲದ್ರ ಆಕಿ ಕೋಟಿ ಉಳಿಸಿದ್ಲೋ ಇಲ್ಲೋ ನನಗ ಯಾರ ಹೇಳವ್ರು? ಪೆಟಗಿ ಒಯ್ಯೂದಾದ್ರ ಒಯ್ಯಿರಿ ರಾಯರ. ನಾಳೆ ಒಯ್ಯಿರಿ."

ಬಡೋದೆಯಲ್ಲಿ ನಮಗೆ ಪುಸ್ತಕ ಕಾಯುವುದನ್ನು, ಹುಡುಕುವುದನ್ನು, ಕೊಡುವುದನ್ನು ಕಲಿಸಿದ್ದರು. ಪುಸ್ತಕ ಕೈಯಲ್ಲಿ ಹಿಡಿಯಲಾಗದವರಿಗೆ ಕೊಡುವುದು ಹೇಗೆಂದು ಯಾರೂ ಕೇಳಿರಲಿಲ್ಲ. ಕಾಗದದ ಮೇಲೆ ಪ್ರಶ್ನೆಗಳನ್ನು ಬರೆದು ಸಾಹೇಬನನ್ನು ಪೀಡಿಸುತ್ತಿದ್ದ ನಾನೂ ಕೇಳಿರಲಿಲ್ಲ.

ಒಂದು ದಿನ ನಿಂತೆ. ಮರುದಿನ ಗೌರಮ್ಮನ ಮನೆಯಲ್ಲಿ ಕೊನೆಯ ಮಡಿಕೆ ಓದಿದವನು ನಾನು. ಅವಳ ಲಾಳಿ ನಿಲ್ಲಲಿಲ್ಲ. ರಾಣಿ ಕೋಟೆಯ ಬಾಗಿಲು ಹಾಕಿಸುವ ಜಾಗದಲ್ಲಿ ಮಾತ್ರ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಓದಿ ಮುಗಿಸಿದ ಮೇಲೆ, ಅಮೇರಿಕೆಯಲ್ಲಿ ಹೆಂಗಸರೂ ಈ ವಿದ್ಯೆ ಕಲಿಯುತ್ತಾರೆ, ದಿನವಿಡೀ ಪುಸ್ತಕಗಳ ನಡುವೆಯೇ ಇರುತ್ತಾರೆ ಎಂದೆ. ಅವಳು ಕೇಳಿದಳು, "ಅಷ್ಟು ಪುಸ್ತಕ ಕಾಯ್ಕೋತ ಕುಂತ್ರ ಅವ್ರಿಗೆ ಕಥಿ ಕೇಳಾಕ ಯಾವಾಗ ವ್ಯಾಳ್ಯಾ ಸಿಗತೈತ್ರಿ?" ಇದೇ ನಾನು ಸಂಶಯಪಡುವ ಮಾತು. ಇಷ್ಟು ಚೆನ್ನಾಗಿ ಅವಳು ಹೇಳಿದ್ದಳೇ? ಇರಬಹುದು.

ಸಂಜೆಯೊಳಗೆ ಹುಸೇನಸಾಬ ಎಂಟು ಮಡಿಕೆಗಳನ್ನು ಕೆಂಪು ರೇಷ್ಮೆಯಿಂದ ಹೊಲಿದ. ನಾನು ಪುಟ ತಿರುವಿದೆ. ಒಂದರಿಂದ ನೂರ ಇಪ್ಪತ್ತೆಂಟು, ಎಲ್ಲ ಇದ್ದವು, ಅನುಕ್ರಮವಾಗಿ. ಅಂಚುಗಳನ್ನೆಲ್ಲ ಸೀಳಿದ್ದರು, ಅಲ್ಲಲ್ಲಿ ಬಣ್ಣದ ಬೆರಳಚ್ಚು. ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಅವನಿಗೇ ಕೊಟ್ಟೆ. ಚಕ್ಕಡಿ ಊರ ಹೊರಗೆ ಬಂದಾಗ ತಿರುಗಿ ನೋಡಿದೆ. ಒಣಹಾಕಿದ ರೇಷ್ಮೆ ಲಡಿಗಳ ಹಿಂದೆ ಓಣಿ ಕಾಣಲಿಲ್ಲ, ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು.

ಬೀಗದ ಕೈ ಕೊಟ್ಟದ್ದು ಸರಿ. ಬಾಗಲಕೋಟೆಗೆ ಮರಳಿ ಮಂಡಳಿಗೆ ನಾನು ಬರೆದದ್ದೇನು? ಗೆಳೆಯರಿಗೆ ಹೇಳುವಾಗ, ನಿಯಮವನ್ನೇ ಬದಲಿಸಬೇಕೆಂದು ಮಂಡಳಿಯೆದುರು ವಾದಿಸಿದೆ ಎನ್ನುತ್ತಿದ್ದೆ. ವಾದಿಸಿದ ನೆನಪು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೋದ ವರ್ಷ ಮಂಡಳಿಯ ಹಳೆಯ ಕಾಗದಗಳನ್ನು ತೆಗೆಸಿ ನೋಡಿದೆ. ವಾದದ ಸುಳಿವೇ ಇಲ್ಲ, ನಿಯಮ ಹಾಗೆಯೇ ಉಳಿದಿದೆ. ಇಳಕಲ್ಲಿನ ತಪಾಸಣೆಯ ಹಾಳೆಯಲ್ಲಿ, ಹಾನಿ ಎಂಬ ಕಡೆಗೆ, ಬಡೋದೆಯಲ್ಲಿ ತಿದ್ದಿದ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ 'ಇಲ್ಲ' ಎಂದಿದೆ. ಅದರ ಕೆಳಗೆ, ಮುಂದಿನ ಆರು ತಿಂಗಳು ಪೆಟ್ಟಿಗೆ ಇರುವ ಊರು: ಇಳಕಲ್.