ಅಕ್ಕನ ಫೈನಲ್ ದಿನ ಸೋರಿದ ಜೀಪು

ನಾನು ಮಾತಾಡಿದರೆ ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಹೋಗುವಷ್ಟು ಚಿಕ್ಕವಳಿದ್ದಾಗ, ನಮ್ಮ ಮನೆ ಕಬಿನಿ ದಂಡೆಯ ಮರಕ್ಕಡವಿನಲ್ಲಿತ್ತು. ಅಪ್ಪ ಜೀಪು ಓಡಿಸುತ್ತಿದ್ದರು. ಮೆಣಸಿನ ಮೂಟೆ, ಬಾಳೆಗೊನೆ, ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ ಹೋಗುತ್ತಿದ್ದವು. ಆ ಶನಿವಾರ ಮಾತ್ರ ಜೀಪು ಅಕ್ಕನ ವಾಲಿಬಾಲ್ ತಂಡದ್ದು. ಮಧ್ಯಾಹ್ನ ಮೂರಕ್ಕೆ ಸುಲ್ತಾನ್ ಬತ್ತೇರಿಯಲ್ಲಿ ಫೈನಲ್. ಅಕ್ಕನೇ ನಾಯಕಿ.

ಬೆಳಿಗ್ಗೆ ಜೀಪು ತೊಳೆಯಲು ಹೋದರೆ ಹಿಂದಿನ ಗಾಲಿಗಳ ನಡುವೆ ನೆಲದ ಮೇಲೆ ಕಪ್ಪು ಕಲೆ! ಅಪ್ಪ ಬೆರಳದ್ದಿ ಮೂಸಿ, ನನ್ನ ಮೂಗಿಗೂ ಹಿಡಿದರು. ಕೊಳೆತ ಮೊಟ್ಟೆಯ ನಾತ.

"ಎಂಜಿನ್ ಎಣ್ಣೆ ಅಲ್ಲ ಮೋಳೇ, ಡಿಫರೆನ್ಷಿಯಲ್‌ದು. ವಂಡಿ ಹಿಂಗೇ ಹೊರಡಂಗಿಲ್ಲ" ಎಂದರು. ಮಲಯಾಳ ಬೆರೆತ ನಮ್ಮೂರ ಮಾತಿನಲ್ಲಿ ಮೋಳೇ ಎಂದರೆ ಮಗಳೇ, ವಂಡಿ ಎಂದರೆ ಗಾಡಿ.

ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂಥ ಕಬ್ಬಿಣದ ಗುಂಡು ಇರುತ್ತದಲ್ಲ, ಅದೇ ಡಿಫರೆನ್ಷಿಯಲ್. ಅದರೊಳಗಿನ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗಬೇಕು. ಎಣ್ಣೆ ಖಾಲಿಯಾದರೆ ಚಕ್ರಗಳು ಸವೆದು ಗಾಲಿ ಸಿಕ್ಕಿಕೊಳ್ಳುತ್ತದೆ. ಬತ್ತೇರಿಯ ದಾರಿಯೋ ಕಾಡಿನದು, ಆನೆಗಳು ಅಡ್ಡ ಬರುವಂಥದ್ದು. ಅಷ್ಟರಲ್ಲಿ ಅಕ್ಕನ ತಂಡದ ಗೆಳತಿಯರೆಲ್ಲ ಚೀಲ ಹಿಡಿದು ಅಂಗಳಕ್ಕೆ ಬಂದೇಬಿಟ್ಟಿದ್ದರು.

ಅಪ್ಪ ಗಾಲಿಗಳಿಗೆ ಕಲ್ಲು ಕೊಟ್ಟು ಕೆಳಗೆ ನುಗ್ಗಿದರು. ಅಕ್ಕ ನುಗ್ಗಿದಳು. ನಾನೂ ನುಗ್ಗಿದೆ. ಎಂಜಿನ್ನಿನಿಂದ ಬರುವ ಉದ್ದನೆಯ ದಂಡ ಆ ಕಬ್ಬಿಣದ ಗುಂಡಿಗೆ ಸೇರುವಲ್ಲಿ ಎಣ್ಣೆ ಜಿನುಗುತ್ತಿತ್ತು. ಅಲ್ಲಿ ಬಳೆಯಂಥ ಒಂದು ರಬ್ಬರ್ ಸೀಲು ಇರುತ್ತದೆ. ಅಪ್ಪ ದಂಡ ಬಿಚ್ಚಿ, ನಟ್ಟು ಇದ್ದ ಜಾಗಕ್ಕೆ ಸುಣ್ಣದ ಗೆರೆ ಹಾಕಿ, ಹಳೆಯ ಸೀಲನ್ನು ಕಿತ್ತರು. ಪೆಟ್ಟಿಗೆಯಲ್ಲಿದ್ದ ಹೊಸದಕ್ಕೆ ಎಣ್ಣೆ ಸವರಿ, ಮರದ ತುಂಡಿಟ್ಟು, ಸುತ್ತಲೂ ಮೆಲ್ಲಗೆ ಟಕ್ ಟಕ್ ಎಂದು ಬಡಿದು ಕೂರಿಸಿದರು. ನಟ್ಟನ್ನು ಅದೇ ಗೆರೆಗೆ ತಂದು ಬಿಗಿದು, ಹೊಸ ಎಣ್ಣೆ ತುಂಬಿದರು. ಹತ್ತಿರದ ಪುಲ್ಪಳ್ಳಿವರೆಗೆ ಓಡಿಸಿ ತಂದು ನಿಲ್ಲಿಸಿದರೆ, ಮತ್ತೆ ತೊಟ್ಟು ತೊಟ್ಟು ಎಣ್ಣೆ! ಆಗಲೇ ಹನ್ನೆರಡು ಗಂಟೆ. ಒಬ್ಬ ಹುಡುಗಿ ಅಳಲು ಶುರುಮಾಡಿದಳು.

ಅಕ್ಕ ಅಳಲಿಲ್ಲ. "ಅಪ್ಪಾ, ಸೀಲು ಹೊಸದು. ಮತ್ತೆ ಎಣ್ಣೇನ ಒಳಗಿಂದ ಯಾರು ದಬ್ತಾವ್ರೆ?" ಎಂದಳು.

ಅಪ್ಪನ ಕೈಯಲ್ಲಿದ್ದ ಪಾನಾ ಹಾಗೇ ನಿಂತಿತು. ಮರುಕ್ಷಣ ಅವರು ಮತ್ತೆ ಕೆಳಗೆ. ಗಾಲಿಗಳ ಅಚ್ಚಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಮುಚ್ಚಳವೊಂದಿತ್ತು. ಒಳಗೆ ಕಾದ ಗಾಳಿ ಹೊರಗೆ ಹೋಗುವ ಕಿಂಡಿ ಅದು. ಹಿಂದಿನ ವಾರ ಹೊಳೆಯ ಆಳವಿಲ್ಲದ ಕಡೆ ಅಪ್ಪ ಜೀಪು ದಾಟಿಸಿದ್ದರು; ಆಗ ಮೆತ್ತಿದ ಕೆಸರು ಒಣಗಿ ಕಿಂಡಿಯನ್ನು ಕಲ್ಲಿನಂತೆ ಮುಚ್ಚಿತ್ತು. ಹೋಗಲು ದಾರಿಯಿಲ್ಲದ ಗಾಳಿ ಎಣ್ಣೆಯನ್ನು ಸೀಲಿನ ಸಂದಿಯಿಂದ ಹೊರಗೆ ದಬ್ಬುತ್ತಿತ್ತು. ಅಪ್ಪ ಆ ಮುಚ್ಚಳ ಸಡಿಲಿಸಿದ್ದೇ ತಡ, ಉಸ್ಸ್ ಎಂದು ಬಿಸಿ ಗಾಳಿ ನನ್ನ ಕೆನ್ನೆಗೆ ಹೊಡೆಯಿತು!

"ಅಯ್ಯೋ, ಪಾಪ, ಹಳೇ ಸೀಲಿಂದು ತಪ್ಪೇ ಇಲ್ಲ!" ಎಂದು ಅಪ್ಪ ಮಲಗಿದಲ್ಲೇ ನಕ್ಕರು.

ಕಿಂಡಿಯ ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕಿದರು. ಕೆಳಗೆಲ್ಲ ಒರೆಸಿ ಮತ್ತೊಂದು ಸುತ್ತು ಹೊಡೆದು ಬಂದರು. ಮೊದಲು ಕೆಳಗೆ ತೂರಿದ್ದು ನಾನು. ಬಿಳಿ ಬಟ್ಟೆಯಿಂದ ಸೀಲಿನ ಸುತ್ತ ಉಜ್ಜಿ ನೋಡಿದೆ. ಬಟ್ಟೆ ಬಿಳಿಯಾಗೇ ಇತ್ತು.

"ಒಂದು ತೊಟ್ಟೂ ಇಲ್ಲ!" ಎಂದು ನಾನು ಕಿರುಚಿದ್ದಕ್ಕೆ ಹುಡುಗಿಯರೆಲ್ಲ ಕುಣಿದು ಜೀಪು ಹತ್ತಿದರು.

ಕಾಡಿನ ದಾರಿಯುದ್ದಕ್ಕೂ ನಾನು ಹಿಂದಕ್ಕೆ ಬಗ್ಗಿ ರಸ್ತೆ ನೋಡುತ್ತಲೇ ಇದ್ದೆ. ಮೈದಾನ ಮುಟ್ಟಿದಾಗ ತಂಡಗಳ ಹೆಸರು ಕೂಗುತ್ತಿದ್ದರು. ಬೆನ್ನೆಲ್ಲ ಎಣ್ಣೆಯ ಮಸಿ ಮೆತ್ತಿಕೊಂಡೇ ಅಕ್ಕ ಆಡಿದಳು. ಗೆದ್ದಳು ಕೂಡ! ಟ್ರೋಫಿಯನ್ನು ಅವಳು ಮೊದಲು ಕೊಟ್ಟಿದ್ದು ಅಪ್ಪನ ಕೈಗೆ.

ಈಗ ನೋಡಿ ಮಕ್ಕಳೇ, ನಿಮ್ಮ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ ಸಾಕು, ನಿಮ್ಮಪ್ಪ ಫೋನ್ ಮಾಡುತ್ತಾನೆ, ಯಾರೋ ಬಂದು ಕಾರು ಒಯ್ಯುತ್ತಾರೆ, ಸಂಜೆ ತೊಳೆದು ತಂದುಕೊಡುತ್ತಾರೆ. ಬಲು ಸುಖ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಅದರ ಹೊಟ್ಟೆ ಹೇಗಿದೆ ಅಂತ ನೀವು ಒಮ್ಮೆಯೂ ಕಂಡಿಲ್ಲವಲ್ಲ! ಭಾನುವಾರ ಹಳೇ ಚಾಪೆ ತನ್ನಿ, ಎಲ್ಲರೂ ಸೇರಿ ನೋಡೋಣ. ಕಾರಿನ ಕೆಳಗೆ ನುಗ್ಗುವುದು ನನಗೆ ಇವತ್ತಿಗೂ ಗೊತ್ತು. ಹೊರಗೆ ಬರುವಾಗ ಮಾತ್ರ ಇಬ್ಬರು ನನ್ನ ಕಾಲು ಹಿಡಿದು ಎಳೆಯಬೇಕು.