ಮಂತ್ರಿಯ ನಾಲ್ಕು ಸಾಲು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಸಂಜೆ ಕಾಫಿಯಾದ ಮೇಲೆ ಅಪ್ಪನ ಹಾಡು ಕೇಳಲೇಬೇಕು. ಅಪ್ಪ ಈಗ ಹಾಡುವುದಿಲ್ಲ, ಉಸಿರು ಸಾಲುವುದಿಲ್ಲ. ಒಂದು ಕಾಲದಲ್ಲಿ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡಿ ಹೆಸರು ಗಳಿಸಿದವರು. ಆಗಿನ ಒಂದು ನಾಟಕವನ್ನು ಅಭಿಮಾನಿಯೊಬ್ಬರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ನಾನು ಮೊಬೈಲಿಗೆ ಹಾಕಿಸಿಕೊಂಡಿದ್ದೇನೆ. ರಾಜ ರಾಜ್ಯ ಬಿಟ್ಟು ಹೊರಡುವ ಹಾಡಿನಲ್ಲಿ ಅಪ್ಪನ ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿ ನಿಲ್ಲುತ್ತದೆ. ಚಪ್ಪಾಳೆ, ಶಿಳ್ಳೆ, ‘ಒನ್ಸ್ ಮೋರ್’ ಎಂಬ ಕೂಗು. ಆ ಗದ್ದಲ ಅಡಗುವ ಮೊದಲೇ ಮುದಿ ಮಂತ್ರಿ ನಾಲ್ಕು ಸಾಲು ಹಾಡುತ್ತಾನೆ. ಊರ ಬಾಗಿಲು ಹಾಕುವ ಮುನ್ನ ಹಿಂತಿರುಗಿ ಬಾ ದೊರೆಯೇ, ಎಂದು ಬೇಡಿಕೊಳ್ಳುತ್ತಾನೆ.

ನನ್ನ ಕಣ್ಣು ತುಂಬುವುದು ಅಲ್ಲಿ. ಅಪ್ಪನ ಹಾಡಿಗಲ್ಲ.

ಮಂತ್ರಿಯದು ತುಂಬ ಕೆಳಗಿನ ದನಿ. ಚಿಕ್ಕವಳಿದ್ದಾಗ ಬಚ್ಚಲಿನ ಖಾಲಿ ಹಂಡೆಯೊಳಗೆ ಮುಖವಿಟ್ಟು ಮಾತಾಡಿದರೆ ಸದ್ದು ತಿರುಗಿ ಬಂದು ನನ್ನ ಎದೆಯಲ್ಲೇ ಗುಂಯ್‌ಗುಟ್ಟುತ್ತಿತ್ತು. ಹಾಗೆ. ‘ಬಾ’ ಎನ್ನುವಲ್ಲಿ ಅದು ಇನ್ನಷ್ಟು ಕೆಳಗಿಳಿಯುತ್ತದೆ, ಆದರೂ ಒಂದು ಅಕ್ಷರವೂ ಮಸುಕಾಗುವುದಿಲ್ಲ. ಆಲಾಪವಿಲ್ಲ, ಮೆರೆದಾಟವಿಲ್ಲ. ಬೇಡಿಕೊಳ್ಳುವವನು ಕೂಗಬೇಕಾಗಿಲ್ಲ ಎಂಬುದು ಆ ಗಾಯಕನಿಗೆ ಗೊತ್ತಿತ್ತು.

ಅಪ್ಪ ನನ್ನ ಕಣ್ಣು ನೋಡುತ್ತಾರೆ. “ಏನು ಕಂಠ ಇತ್ತು ನೋಡು ಆಗ ನಂಗೆ” ಎನ್ನುತ್ತಾರೆ. “ಹೂಂ ಅಪ್ಪಾ” ಎಂದು ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಹೆತ್ತವರ ಎದುರು ಕೂತು ಅವರಿಗೇ ಮೋಸ ಮಾಡಿದಂತಾಗುತ್ತದೆ.

ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. “ಈ ಮಂತ್ರಿ ಯಾರಪ್ಪಾ?”

“ಅವನಾ? ಬಿನ್ನಿಪೇಟೆಯೋನು. ಒಳ್ಳೇ ಮನುಷ್ಯ, ಪಾಪ. ಕಂಠ ಮೇಲಕ್ಕೇ ಹೋಗ್ತಿರ್ಲಿಲ್ಲ. ಇದ್ದಿದ್ದು ಒಂದೇ ಮೈಕು, ಅದು ನನ್ನ ಮುಂದೆ. ಕಾವಲುಗಾರ, ರಾಕ್ಷಸ, ಮಂತ್ರಿ, ಅಂಥ ಪಾರ್ಟೇ ಸಿಗ್ತಿತ್ತು ಅವನಿಗೆ. ಕಂಪನಿ ಮುಚ್ಚಿದ್ಮೇಲೆ ಕಾಟನ್‌ಪೇಟೆಲಿ ಬಟ್ಟೆ ಅಂಗಡಿ ಸೇರ್ಕೊಂಡ.”

ಅಂದರೆ ಮೈಕಿನಿಂದ ದೂರ ನಿಂತು ಹಾಡಿದ್ದೇ ಇಷ್ಟು ಕೇಳಿಸುತ್ತಿತ್ತು! ಅಪ್ಪನಿಗೆ ಹೇಳದೆ ವಿಚಾರಿಸಿ ಬಿನ್ನಿಪೇಟೆಗೆ ಹೋದೆ. ಮಗಳ ಮನೆಯ ಮೇಲಿನ ಕೋಣೆಯಲ್ಲಿ ಅವರು ಪೇಪರ್ ಓದುತ್ತಿದ್ದರು. ನಾನು ಯಾರ ಮಗಳೆಂದು ಹೇಳಿದ ಕೂಡಲೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. ಆ ಕ್ಯಾಸೆಟ್ಟನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಹಾಕಿದೆ. ಕಣ್ಣು ಮುಚ್ಚಿ ಅಪ್ಪನ ಹಾಡಿಗೆ ತಲೆದೂಗಿದರು. “ಆಹಾ, ಅಣ್ಣ ಹೆಂಗೆ ಏರಿಸ್ತಾರೆ ನೋಡಮ್ಮಾ.” ತಮ್ಮ ಸಾಲುಗಳು ಬಂದಾಗ ಮಾತ್ರ ಕಣ್ಣು ತೆರೆದು ಕಿಟಕಿಯತ್ತ ನೋಡಿದರು.

“ನಾನು ಬಂದಿದ್ದು ಇದಕ್ಕೇ, ನಿಮ್ಮ ದನಿಗೆ. ಅಪ್ಪನ ಹಾಡಿಗಿಂತ ಇದೇ ನಂಗೆ ಇಷ್ಟ” ಎಂದೆ.

ಅವರ ಮುಖದಲ್ಲಿ ಸಂತೋಷ ಬಂತು, ಹಿಂದೆಯೇ ಹೆದರಿಕೆಯೂ ಬಂತು. “ಅಣ್ಣಂಗೆ ಹೇಳಿದೀರಾ?”

“ಇಲ್ಲ.”

“ಹೇಳ್ಬೇಡಿ ತಾಯಿ. ಈ ವಯಸ್ಸಲ್ಲಿ ಅವರಿಗೆ ಅದೊಂದೇ ಉಳಿದಿರೋದು.” ಆಮೇಲೆ ಮೊಬೈಲಿನತ್ತ ಕೈ ತೋರಿಸಿ, “ಇನ್ನೊಂದ್ಸಲ ಹಾಕಿ” ಎಂದರು. “ನನ್ನ ಸಾಲುಗಳು ಮಾತ್ರ.”

ಮುಂದಿನ ಭಾನುವಾರ ಅಪ್ಪನನ್ನು ನೋಡಲು ಅವರೇ ಬಂದರು. ಅಪ್ಪನ ಸಂಭ್ರಮ ಹೇಳತೀರದು. “ಬಾರೋ ಮಂತ್ರೀ!” ಎಂದು ಪಕ್ಕದಲ್ಲೇ ಕೂರಿಸಿಕೊಂಡು, ಬಹಳ ವರ್ಷಗಳ ಮೇಲೆ ತಾವೇ ಹಾಡಲು ಹೊರಟರು. ಎರಡನೇ ಸಾಲಿಗೇ ದನಿ ಒಡೆಯಿತು. ಆಗ ಮಂತ್ರಿ ಅಪ್ಪನ ದನಿಯ ಕೆಳಗೆ ತಮ್ಮ ದನಿಯನ್ನು ಮೆಲ್ಲಗೆ ಸೇರಿಸಿ, ಹಾಡು ಮುಗಿಯುವವರೆಗೂ ಅದನ್ನು ಬೀಳಗೊಡಲಿಲ್ಲ. ಎಂಬತ್ತು ದಾಟಿದ ಆ ಕಂಠ ಕ್ಯಾಸೆಟ್ಟಿನಲ್ಲಿದ್ದ ಹಾಗೇ ಇತ್ತು. ಅವರು ಅದನ್ನು ಬೇಕೆಂದೇ ಅಡಗಿಸಿಕೊಂಡು ಹಾಡಿದರು. ಅಪ್ಪ ಬೆವರು ಒರೆಸಿಕೊಂಡು ನನ್ನತ್ತ ತಿರುಗಿ, “ಇನ್ನೂ ಇದೆ ನೋಡು ದಮ್ಮು” ಎಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಅವರಿಬ್ಬರಲ್ಲಿ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ.

ಈಗ ಆಗಾಗ ಮಧ್ಯಾಹ್ನ ಬಿನ್ನಿಪೇಟೆಗೆ ಹೋಗುತ್ತೇನೆ. ನನ್ನನ್ನು ಬಿಟ್ಟರೆ ಎದುರಿಗೆ ಯಾರೂ ಇಲ್ಲದ ಆ ಕೋಣೆಯಲ್ಲಿ ಅವರು ರಾಜನ ಹಾಡನ್ನೇ ತಮ್ಮ ಶ್ರುತಿಗೆ ಇಳಿಸಿಕೊಂಡು ಪೂರ್ತಿಯಾಗಿ ಹಾಡುತ್ತಾರೆ. ನಾನು ಅದನ್ನು ಮೊಬೈಲಿನಲ್ಲಿ ಹಿಡಿದಿಲ್ಲ, ಬೇಡವೆಂದಿದ್ದಾರೆ. ಅಪ್ಪ ಎಲ್ಲಿಗೆ ಎಂದು ಕೇಳಿದರೆ ಗಾಂಧಿ ಬಜಾರಿಗೆ ಎನ್ನುತ್ತೇನೆ. ಆ ಸುಳ್ಳಿಗಾಗಿ ಬರುವಾಗ ಅತ್ತ ಸುತ್ತು ಹಾಕಿ ಒಂದು ಮೊಳ ಮಲ್ಲಿಗೆಯನ್ನೋ, ಅಪ್ಪನಿಗೆ ಇಷ್ಟವಾದ ಸೀಬೆಹಣ್ಣನ್ನೋ ಕೊಂಡು ತರುತ್ತೇನೆ. “ಎಷ್ಟು ಚೆನ್ನಾಗಿದೆ ಹಣ್ಣು” ಎಂದು ಅಪ್ಪ ನನಗೂ ಒಂದು ಹೋಳು ಕೊಡುತ್ತಾರೆ. ತಿನ್ನುತ್ತೇನೆ.