ಮಾತ್ರೆಗೆ ಮುಂಚಿನ ಗೆರೆ

ಆಸ್ಪತ್ರೆಯ ಇಸಿಜಿ ಕೋಣೆಯವಳಿಗೆ ಎಲ್ಲರೂ ಇಟ್ಟ ಹೆಸರು ‘ಅಲ್ಲಾಡ್ಬೇಡಿ ಅಕ್ಕ’. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಅದೊಂದೇ ಮಾತು. ಹೇಳುವವಳು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅವಳು ಕೂತು ಚಹಾ ಕುಡಿದದ್ದನ್ನು ಯಾರೂ ಕಂಡಿಲ್ಲ.

ಅಲ್ಲಿ ತಾವಾಗಿ ಒಪ್ಪಿ ಬಂದವರ ಮೇಲೆ ಹೊಸ ಮಾತ್ರೆಗಳನ್ನು ಪರೀಕ್ಷಿಸುತ್ತಾರೆ. ಮಾತ್ರೆ ಹೃದಯದ ಲಯ ಕೆಡಿಸುತ್ತದೆಯೇ ಎಂದು ತಿಳಿಯಬೇಕಾದರೆ ಅದಕ್ಕೆ ಮುಂಚಿನ ಲಯ ಗೊತ್ತಿರಬೇಕು. ಅದಕ್ಕೇ ಅವಳು ಮಾತ್ರೆ ಕೊಡುವ ಹಿಂದಿನ ದಿನವೂ, ಮರುದಿನ ಯಾವ ಯಾವ ಹೊತ್ತಿಗೆ ಇಸಿಜಿ ಗ್ರಾಫ್ ತೆಗೆಯಬೇಕೋ ಅದೇ ಹೊತ್ತಿಗೆ, ಮಲಗಿಸಿ ತೆಗೆಯುತ್ತಾಳೆ. ಬೆಳಗಿನ ಹೃದಯ ಬೇರೆ, ಊಟವಾದ ಮೇಲಿನ ಹೃದಯ ಬೇರೆ.

“ಮಾತ್ರೆನೇ ಕೊಟ್ಟಿಲ್ಲ, ಏನು ನೋಡ್ತೀರಿ?” ಎಂದು ಕೆಲವರು ಗೊಣಗುತ್ತಾರೆ.

“ನೀವು ಬರುವಾಗ್ಲೇ ಕುಂಟ್ತಿದ್ರೋ, ನಮ್ಮ ಮೆಟ್ಟಿಲಲ್ಲಿ ಬಿದ್ದು ಕುಂಟಾದ್ರೋ, ಗೊತ್ತಾಗ್ಬೇಡ್ವಾ?” ಎನ್ನುತ್ತಾಳೆ ಇವಳು.

ಇಷ್ಟು ಬಲ್ಲವಳು ಮನೆಯಲ್ಲಿ ಎಡವಿದಳು. ಊರಿಗೆಲ್ಲ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು. ಅವಳ ತಮ್ಮ ಬಟ್ಟೆ ಹೊಲಿಯುವವನು. ಯಾರೋ ತನ್ನನ್ನು ಬೈಯುವುದು ಕಿವಿಗೆ ಕೇಳಿಸತೊಡಗಿ, ಹೊಲಿಗೆ ಬಿಟ್ಟು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಯಾವ ಔಷಧಿಯೂ ನಾಟಿರಲಿಲ್ಲ. ಕೊನೆಗೆ ಮನೋವೈದ್ಯರು ಬೇರೊಂದು ಮಾತ್ರೆ ಬರೆದು, “ಮೊದಲು ಇಸಿಜಿ ತೆಗೆದು ಆಮೇಲೆ ಶುರು ಮಾಡಿ” ಎಂದಿದ್ದರು. ಇಸಿಜಿಯ ವೈರು ಕಂಡರೆ ತಮ್ಮ ಓಡುತ್ತಿದ್ದ. ಒಂದು ಬೆಳಿಗ್ಗೆ ತಾನಾಗಿಯೇ ಬಂದು, “ಕೊಡಕ್ಕ, ನುಂಗ್ತೀನಿ” ಎಂದ. ಇವತ್ತು ಬಿಟ್ಟರೆ ಮತ್ತೆ ಒಪ್ಪುತ್ತಾನೋ ಇಲ್ಲವೋ! ಕೊಟ್ಟುಬಿಟ್ಟಳು.

ಮಾತ್ರೆ ಕೈಹಿಡಿಯಿತು. ಬೈಗುಳ ನಿಂತಿತು. ಅವನು ಮತ್ತೆ ಮಷಿನ್ ತುಳಿದ. ಅಕ್ಕನ ಬಿಳಿ ಕೋಟಿನ ಹರಿದ ಜೇಬು ಹೊಲಿದುಕೊಟ್ಟು, “ಇಷ್ಟು ದಿನ ಇದರಲ್ಲಿ ಗಾಳಿ ತುಂಬ್ಕೊಂಡು ಓಡಾಡ್ತಿದ್ಯಾ?” ಎಂದು ಕೀಟಲೆ ಮಾಡಿದ. ಇಸಿಜಿ ವೈರುಗಳಿಗೂ ಹೆದರದೆ ಬಂದು ಮಲಗಿದ. ಗ್ರಾಫ್ ನೋಡಿದವಳೇ ಅದನ್ನು ಹಿಡಿದು ಮನೋವೈದ್ಯರ ಬಳಿಗೆ ಓಡಿದಳು. ಪ್ರತಿ ಬಡಿತವಾದ ಮೇಲೆ ಹೃದಯ ಸುಧಾರಿಸಿಕೊಳ್ಳಲು ತೆಗೆದುಕೊಳ್ಳುವ ಹೊತ್ತು ತೀರ ಉದ್ದವಾಗಿತ್ತು. ಹಾಗಾದರೆ ಲಯ ತಪ್ಪಿ, ಮನುಷ್ಯ ನಿಂತಲ್ಲೇ ಕುಸಿಯಬಹುದು.

“ಮಾತ್ರೆಗೆ ಮುಂಚಿನದು ಎಲ್ಲಿ?” ಎಂದರು ವೈದ್ಯರು.

“ತೆಗ್ದಿಲ್ಲ, ಸರ್.”

“ನೀವೇ ಹೀಗಂದ್ರೆ ಹೇಗಮ್ಮ? ಇವನದು ಮೊದಲಿಂದ್ಲೂ ಹೆಚ್ಚುಕಡಿಮೆ ಹೀಗೇ ಇತ್ತು ಅಂದ್ರೆ, ಕಣ್ಣಿಟ್ಟು ನೋಡ್ತಾ ಮುಂದುವರಿಸ್ಬಹುದು. ಮಾತ್ರೆಯಿಂದ್ಲೇ ಅಂದ್ರೆ ಇನ್ನು ಮುಟ್ಟೋ ಹಾಗಿಲ್ಲ. ನಿಲ್ಲಿಸಿ. ಮೈಯಿಂದ ಪೂರ್ತಿ ಹೋದ್ಮೇಲೆ ತೆಗೆಯಿರಿ.”

ನಿಲ್ಲಿಸಿದಳು. ಬೈಗುಳ ಮರಳಿತು. ಕೆಲವು ದಿನ ಬಿಟ್ಟು ಗ್ರಾಫಿಗೆಂದು ಮಲಗಿಸಿದರೆ ಅವನು ಮತ್ತೆ ಮತ್ತೆ ಎದ್ದು ಕೂತ. ಹೃದಯ ಓಡುತ್ತಿತ್ತು, ಕಾಗದದ ಮೇಲೆ ಬರೀ ಗೀಚು. ಅವನು ಸುಮ್ಮನೆ ಮಲಗಬೇಕಾದರೆ ಆ ಮಾತ್ರೆಯೇ ಬೇಕು. ಆ ಮಾತ್ರೆ ಮೈಯಲ್ಲಿದ್ದರೆ ಈ ಗ್ರಾಫಿಗೆ ಅರ್ಥವಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

“ಏಳೋ, ನಡೆಯೋಣ” ಎಂದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ತಮ್ಮ ಅತ್ತಿಂದಿತ್ತ ನಡೆದೇ ನಡೆದರು. ಕಿವಿಯಲ್ಲಿ ಬೈಯುವವರಿಗೆ ಅವನು ಎದುರು ಬೈದ. ಅವಳೂ ಜೊತೆಗೆ ನಾಲ್ಕು ಸೇರಿಸಿದಳು. ಕೊನೆಗೆ ಕಾಲು ಸೋತು ಅವನೇ ಹೋಗಿ ಮಲಗಿದ. ಅವನ ಉಸಿರು ನಿಧಾನವಾಗುವವರೆಗೆ ಕಾಯುವುದು ಅವಳಿಗೆ ಮುಳ್ಳಿನ ಮೇಲೆ ನಿಂತ ಹಾಗಿತ್ತು. ಆಮೇಲೆ ಗುಂಡಿ ಒತ್ತಿದಳು.

ಗೆರೆ ನಡುಗದೆ ಬಂತು. ಅಳೆದಳು. ನಂಬದೆ ಮತ್ತೆ ಅಳೆದಳು. ಎಲ್ಲರದರಂತೆಯೇ ಇತ್ತು, ಆ ಉದ್ದದ ಸುಳಿವೇ ಇರಲಿಲ್ಲ. ಉದ್ದ ಮಾಡಿದ್ದು ಮಾತ್ರೆಯೇ.

ತಮ್ಮ ಕಣ್ಣು ತೆರೆದ. “ಹೇಗಿದೆಯಕ್ಕ?”

“ಸರಿಯಾಗಿದೆ ಕಣೋ. ನಿನ್ನ ಹೃದಯಕ್ಕೆ ಏನೂ ಆಗಿಲ್ಲ.”

“ಅಬ್ಬ, ಬದುಕಿದೆ! ಹಾಗಾದ್ರೆ ಇವತ್ತೇ ಆ ಮಾತ್ರೆ ಕೊಟ್ಬಿಡು” ಎಂದ.